ಪಾನಕದ ಪುಡ್ಡಿಂಗ್ ಮತ್ತು ಹುಸೇನಪ್ಪನ ಸಿಟ್ಟು

ಹುಸೇನಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಅವನನ್ನು ಬಲ್ಲ ಯಾರನ್ನು ಬೇಕಾದರೂ ಕೇಳಿ, ಅವನ ಕೇಕಿನ ವಿಷಯ ಆಮೇಲೆ ಹೇಳುತ್ತಾರೆ, ಸಿಟ್ಟಿನ ವಿಷಯ ಮೊದಲು ಹೇಳುತ್ತಾರೆ. ಕ್ರೀಮು ಸರಿಯಾಗಿ ಏಳದಿದ್ದರೆ ಮಿಕ್ಸರಿಗೆ ಬೈಯುತ್ತಾನೆ. ಕರೆಂಟು ಹೋದರೆ ಬೀದಿಗೆ ಬಂದು ಕಂಬಕ್ಕೆ ಬೈಯುತ್ತಾನೆ. ಹುಟ್ಟುಹಬ್ಬದ ಕೇಕಿನ ಮೇಲೆ ಮಗುವಿನ ಹೆಸರಿನ ಜೊತೆ ಅಪ್ಪನ ಕಂಪನಿಯ ಹೆಸರನ್ನೂ ಬರೆಯಿರಿ ಎಂದ ಗಿರಾಕಿಯೊಬ್ಬನಿಗೆ, "ಕೂಸು ಹುಟ್ಟಿದ್ದು ಮನ್ಯಾಗೋ ಆಫೀಸಿನ್ಯಾಗೋ?" ಎಂದು ಕೇಳಿ ಅಂಗಡಿಯವರಿಗೆ ಮುಜುಗರ ತಂದಿದ್ದ. ಇವೆಲ್ಲ ಹಾಲುಕ್ಕಿದಂಥ ಸಿಟ್ಟು. ಉರಿ ಇಳಿಸಿದರೆ ತಾನೂ ಇಳಿಯುತ್ತಿತ್ತು.

ಈ ವರ್ಷ ರಾಮನವಮಿಯ ಮುಂಚೆ ಅವನಿಗೆ ಬಂದ ಸಿಟ್ಟು ಮಾತ್ರ ಬೇರೆ ಜಾತಿಯದು. ಅದು ನ್ಯಾಯವಾದ ಸಿಟ್ಟು. ನ್ಯಾಯವಾದ ಸಿಟ್ಟನ್ನೂ ಮನುಷ್ಯ ಎಷ್ಟು ಕೆಟ್ಟದಾಗಿ ಖರ್ಚು ಮಾಡಬಲ್ಲ ಎಂಬುದನ್ನು ಅವನು ಆಗ ತೋರಿಸಿಕೊಟ್ಟ.

ಮೊದಲು ಹೆಸರಿನ ಕಥೆ ಹೇಳಬೇಕು. ಅವನ ಊರು ಲಿಂಗಸುಗೂರು ಕಡೆ. ಅವನಿಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿಯದೆ ಹೋದಾಗ ಅವನ ತಾಯಿ ಊರಿನ ಅಲಾಯಿ ದೇವರ ಮುಂದೆ ಸೆರಗೊಡ್ಡಿ ನಿಂತಳು. ಮೊಹರಂನಲ್ಲಿ ಕೂರಿಸುವ ಆ ದೇವರಿಗೆ ಆ ಸೀಮೆಯಲ್ಲಿ ಹಿಂದೂಗಳೂ ನಡೆದುಕೊಳ್ಳುತ್ತಾರೆ, ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. "ಇದೊಂದನ್ನ ಉಳಿಸಿಕೊಡು, ನಿನ್ನ ಹೆಸರ ಇಡತೀನಿ, ಜೀವ ಇರೂತನಕ ಪಾನಕ ಹಂಚತೀನಿ" ಎಂದು ಹರಕೆ ಹೊತ್ತಳು. ಕೂಸು ಉಳಿಯಿತು. ಹನುಮಪ್ಪನ ಗುಡಿಯಲ್ಲಿ ಜವಳದ ಕೂದಲು ತೆಗೆಸಿ ಹುಸೇನಪ್ಪ ಎಂದು ಹೆಸರಿಟ್ಟರು. ಆಮೇಲೆ ಪ್ರತಿ ಮೊಹರಂನಲ್ಲೂ ಅವಳು ಕೊಪ್ಪರಿಗೆಯಲ್ಲಿ ಬೆಲ್ಲ ಕರಗಿಸಿ, ಒಣಶುಂಠಿ, ಕಾಳುಮೆಣಸು, ಏಲಕ್ಕಿ, ಸೋಂಪು ಕುಟ್ಟಿ ಹಾಕಿ, ಹುಣಸೆಹುಳಿ ಹಿಂಡಿ, ಬಂದವರಿಗೆಲ್ಲ ಬೊಗಸೆ ತುಂಬ ಹೊಯ್ಯುತ್ತಿದ್ದಳು. ಮಗ ಕೊರಳಿಗೆ ಹರಕೆಯ ಕೆಂಪು ಲಾಡಿ ದಾರ ಹಾಕಿಕೊಂಡು ಅವಳ ಪಕ್ಕ ನಿಲ್ಲುತ್ತಿದ್ದ. ಅಂಥ ಹೆಸರಿನವರು ಆ ಊರಲ್ಲಿ ಓಣಿಗೊಬ್ಬರಿದ್ದರು. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಕೇಳುತ್ತಾರೆ. ಬಾಡಿಗೆ ಮನೆ ತೋರಿಸುವವರು ಹೆಸರು ಕೇಳಿದೊಡನೆ ಬೀಗದ ಕೈ ಮತ್ತೆ ಜೇಬಿಗೆ ಹಾಕಿಕೊಂಡದ್ದುಂಟು. ಹೆಂಡತಿ ಜಟ್ಟೆಮ್ಮ ಹಣೆಯ ತುಂಬ ಕುಂಕುಮ ಇಟ್ಟುಕೊಂಡು ಮುಂದೆ ಬಂದ ಮೇಲೆ ಅದೇ ಬೀಗದ ಕೈ ಹೊರಗೆ ಬಂದದ್ದೂ ಉಂಟು. ಹುಸೇನಪ್ಪನಿಗೆ ಮೈ ಉರಿಯುತ್ತಿತ್ತು. ಆದರೂ ತಲೆಯ ಮೇಲೆ ಸೂರು ಬೇಕಲ್ಲ.

ಹೆಸರು ಕೇಳಿ ಬಾಗಿಲು ತೆಗೆದವರು ಒಬ್ಬರೇ, ಅಹ್ಮದ್ ಪಾಷಾ. ಶಿವಾಜಿನಗರದ ಹಳೆಯ ಬೇಕರಿಯೊಂದರಲ್ಲಿ ಒಲೆಯ ಯಜಮಾನಿಕೆ ಅವರದು. ಊರಿಂದ ಬಂದ ಹುಡುಗನನ್ನು "ನಾಮ್ ಕ್ಯಾ?" ಎಂದು ಕೇಳಿದರು, ಹುಸೇನಪ್ಪ ಎಂದ, "ಒಳಗೆ ಬಾ, ಊಟ ಆಯ್ತಾ?" ಅಂದರು. ಅವನು ನಮಾಜಿನವನಲ್ಲ ಎಂದು ಗೊತ್ತಾದ ಮೇಲೂ ತಟ್ಟೆ ಬದಲಾಗಲಿಲ್ಲ, ಮಲಗುವ ಅಟ್ಟ ಬದಲಾಗಲಿಲ್ಲ. ಮೈದಾ ನಾದುವುದರಿಂದ ಹಿಡಿದು ಐಸಿಂಗ್ ಹೂವಿನವರೆಗೆ ಎಲ್ಲವನ್ನೂ ಅವರೇ ಕಲಿಸಿದರು. ಕಲಿಸಿದ್ದು ಅಂದರೆ ಬೈದದ್ದು. ಮೊದಲ ಪಾಠ ಜರಡಿಯದು. ಮೈದಾ ಇರಲಿ, ಸಕ್ಕರೆ ಪುಡಿ ಇರಲಿ, ಮಸಾಲೆ ಇರಲಿ, ಜರಡಿ ಹಿಡಿಯದೆ ಪಾತ್ರೆಗೆ ಹಾಕಿದರೆ ಜರಡಿಯ ಅಂಚಿನಿಂದಲೇ ಮೊಣಕೈಗೆ ಒಂದು ಬೀಳುತ್ತಿತ್ತು. "ಗಧೇ ಹುಸೇನು, ಕಣ್ಣು ಎಲ್ಲಿಟ್ಟಿದ್ದೀಯ?" ಪಾಷಾ ಶಿಷ್ಯರನ್ನು ಮಾತ್ರ ಬೈಯುತ್ತಿದ್ದರು. ಗಿರಾಕಿ, ಮಾಲೀಕ, ಬೀದಿಯಲ್ಲಿ ಹೋಗುವವರು, ಎಲ್ಲರಿಗೂ ನೀವು, ಬನ್ನಿ, ಕೂತ್ಕೊಳ್ಳಿ. ಅವರ ಬಾಯಲ್ಲಿ ಬಹುವಚನ ಬಂತೆಂದರೆ ಆ ಮನುಷ್ಯ ಹೊರಗಿನವನು ಎಂದೇ ಅರ್ಥ.

ಆ ಬೇಕರಿ ಮುಚ್ಚಿದ ಮೇಲೆ ಹುಸೇನಪ್ಪ ರಾಮಾಂಜಿನಪ್ಪನವರ ಅಂಗಡಿಗೆ ಬಂದ. ರಾಮಾಂಜಿನಪ್ಪ ತಿಪ್ಪಸಂದ್ರದ ಮೂಲದವರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅವರದೇ ಕಟ್ಟಡ ನಿಂತಿದೆ. ಕೆಳಗೆ ಮಗಳು ಹಂಸ ನಡೆಸುವ ಕೇಕಿನ ಅಂಗಡಿ, ಮೇಲೆ ಮನೆ. ಭಾನುವಾರ ಕೋಳಿ ಸಾರು ಘಮಘಮಿಸುವ ಮನೆಯೇ ಅದು, ಆದರೆ ಅಂಗಡಿಯ ನೆತ್ತಿಯ ಮೇಲೆ ದೇವರ ಕೋಣೆ ಬಂದಿದ್ದರಿಂದ ಕೆಳಗೆ ಮೊಟ್ಟೆ ಒಡೆಯುವಂತಿಲ್ಲ. "ಮೊಟ್ಟೆ ಇಲ್ದೆ ಕೇಕಾ? ಅದು ಸಿಹಿ ಇಡ್ಲಿ ಕಣೋ" ಎಂದು ಪಾಷಾ ನಕ್ಕಿದ್ದರು. ಕೆಲಸ ಬಿಟ್ಟ ಮೇಲೂ ಅವರು ಶಿವಾಜಿನಗರದಲ್ಲಿ ಹೇಳಿ ಮಾಡಿಸಿದ ತಗಡಿನ ಅಚ್ಚುಗಳನ್ನು ಚೀಲದಲ್ಲಿ ಹಾಕಿಕೊಂಡು ಆಗಾಗ ಬಸ್ಸಿನಲ್ಲಿ ಬರುತ್ತಿದ್ದರು, ಒಂದು ಚಹಾ ಕುಡಿದು, ಶಿಷ್ಯನ ಕೇಕಿನಲ್ಲಿ ಒಂದು ತಪ್ಪು ಹುಡುಕಿ, ಬೈದು ಹೋಗುತ್ತಿದ್ದರು.

ಹಂಸ ಅಡುಗೆ ಕಾಲೇಜಿನಲ್ಲಿ ಕಲಿತವಳು. ರಾಮನವಮಿಗೆ ಹೊಸದೇನಾದರೂ ಮಾಡಬೇಕೆಂದು ಅವಳ ಆಸೆ.

"ಹುಸೇನಪ್ಪ, ಪಾನಕಾನೇ ಡೆಸರ್ಟ್ ಮಾಡಿದ್ರೆ ಹೇಗಿರುತ್ತೆ? ಕಪ್‌ನಲ್ಲಿ ಸೆಟ್ ಮಾಡಿ ಕೊಡೋಣ. ಎಗ್‌ಲೆಸ್, ಜೆಲಟಿನ್ ಕೂಡ ಬೇಡ" ಅಂದಳು.

"ಪಾನಕ ನನಗ ಬಿಡ್ರಿ. ನಮ್ಮವ್ವನ ಪಾನಕ ಐತಿ" ಅಂದ ಹುಸೇನಪ್ಪ.

ಮೊದಲ ದಿನ ಅವನು ಕ್ರೀಮು ಕಾಯಿಸಿ, ಅದಕ್ಕೆ ಬಿಸಿ ಬೆಲ್ಲ, ಹುಣಸೆಹುಳಿ ಸುರಿದ. ಕ್ರೀಮು ಒಡೆದು ಗಂಜಿಯಂತಾಯಿತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬಂತೆ ಪಾತ್ರೆಯನ್ನು ಸಿಂಕಿಗೆ ಎಸೆದ. ಹಂಸ ಎರಡನ್ನೂ ಬೇರೆ ಬೇರೆ ಮಾಡೋಣ ಎಂದಳು. ಅವಳು ಗಟ್ಟಿ ಮೊಸರಿನ ನೀರು ಬಸಿದು, ಕ್ರೀಮು ಬೆರೆಸಿ, ಗಟ್ಟಿಯಾಗಲು ಸ್ವಲ್ಪ ಚೈನಾ ಗ್ರಾಸ್ ಕರಗಿಸಿ ಹಾಕಿ ಬಿಳಿ ಪದರ ಕೂರಿಸಿದಳು. ತಳಕ್ಕೆ ಬೆಣ್ಣೆ ಬಿಸ್ಕತ್ತಿನ ಪುಡಿ. ಮೇಲಿನ ಪಾನಕದ ಪದರ ಅವನದು. ಹುಳಿ ಹಾಕಿ ಕುದಿಸಿದರೆ ಚೈನಾ ಗ್ರಾಸ್ ಹಿಡಿಯುವುದಿಲ್ಲ ಎಂದು ಎರಡು ಸಲ ಕೆಡಿಸಿದ ಮೇಲೆ ತಿಳಿಯಿತು. ಕೊನೆಗೆ ಹುಣಸೆ ಬಿಟ್ಟು, ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿದ. ಫ್ರಿಜ್ಜಿನಿಂದ ತೆಗೆದ ಕಪ್ಪಿನಲ್ಲಿ ಬಿಳಿಯ ಮೇಲೆ ಜೇನು ಬಣ್ಣದ ಪಾನಕ ನಡುಗುತ್ತ ನಿಂತಿತ್ತು. ಹಂಸ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಮೊದಲು ಮೊಸರಿನ ತಂಪು, ಹಿಂದೆಯೇ ಬೆಲ್ಲ, ಕೊನೆಗೆ ಗಂಟಲಲ್ಲಿ ಮೆಣಸು, ಶುಂಠಿ. ಹುಸೇನಪ್ಪನಿಗೆ ತಾಯಿಯ ಕೊಪ್ಪರಿಗೆ ನೆನಪಾಯಿತು. ಅವಳು ಹೋಗಿ ವರ್ಷಗಳಾಗಿದ್ದವು.

ಆ ಅಂಗಡಿಯಲ್ಲಿ ಹೊಸ ತಿಂಡಿ ಬಂದಾಗ ಅದರ ಮುಂದೆ ಒಂದು ಪುಟ್ಟ ಕಾರ್ಡು ಇಡುವುದು ಹಂಸಳ ಪದ್ಧತಿ. ತಿಂಡಿಯ ಹೆಸರು, ಕೆಳಗೆ ಮಾಡಿದವರ ಹೆಸರು. ಅಲ್ಲಿಯವರೆಗೆ ಎಲ್ಲದರ ಕೆಳಗೂ ಹಂಸಳ ಹೆಸರೇ ಇತ್ತು, ಯಾಕೆಂದರೆ ಎಲ್ಲ ಅವಳದೇ ಪಾಕ. ಈ ಸಲ ಅವಳೇ ಕೈಯಾರೆ ಬರೆದು ಇಟ್ಟಳು: ಪಾನಕದ ಪುಡ್ಡಿಂಗ್, ಮಾಡಿದವರು ಹುಸೇನಪ್ಪ. ಅವನು ಅದರ ಫೋಟೊ ತೆಗೆದು ಊರಿನ ತಮ್ಮನಿಗೆ ಕಳಿಸಿದ. ಮನೆಗೆ ಹೋಗಿ ಜಟ್ಟೆಮ್ಮನಿಗೆ ತೋರಿಸಿದ. ಅವಳು ಫೋನು ಹತ್ತಿರ ಹಿಡಿದು ನೋಡಿ, "ಅತ್ತಿ ಇದ್ದಿದ್ರ ಬೀದಿ ತುಂಬ ಹೇಳಿಕೊಂಡು ಬರತಿದ್ಲು" ಅಂದಳು. ಅವನ ಹೆಸರು ಬೆಂಗಳೂರಿನಲ್ಲಿ ಯಾರಿಗೂ ಅನುಮಾನ ಹುಟ್ಟಿಸದೆ, ಅಳುಕಿಲ್ಲದೆ ಒಂದು ಕಡೆ ನಿಂತಿದ್ದು ಅದೇ ಮೊದಲು.

ನಿಂತಿದ್ದು ನಾಲ್ಕೇ ದಿನ. ಹಬ್ಬಕ್ಕೆ ಅಂಗಡಿಯ ಮುಂದೆ ಚಪ್ಪರ ಹಾಕಿ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುವುದು ರಾಮಾಂಜಿನಪ್ಪನವರ ಮನೆತನದ ವಾಡಿಕೆ. ಈ ಸಲ ಅದರ ಜೊತೆ ಪುಡ್ಡಿಂಗ್ ಕಪ್ಪೂ ಕೊಡುವುದೆಂದು ತೀರ್ಮಾನವಾಗಿತ್ತು. ಒಂದು ಮಧ್ಯಾಹ್ನ ಅವರು ಹಿಂದಿನ ಬಾಗಿಲಿಂದ ಅಡುಗೆಮನೆಗೆ ಬಂದರು. ಪಾಷಾ ಆಗಷ್ಟೇ ಹೊಸ ಅಚ್ಚುಗಳನ್ನು ತಂದು, ಮೂಲೆಯಲ್ಲಿ ಕ್ರೇಟಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

ರಾಮಾಂಜಿನಪ್ಪ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವವರು.

"ಏನೂ ತಪ್ಪು ತಿಳ್ಕೋಬೇಡ ಕಣಪ್ಪ. ನಿನ್ ಪಾನಕ ಬಲೇ ಚೆನ್ನಾಗೈತೆ. ಹಬ್ಬದ್ ದಿನ ದೇವಸ್ಥಾನದ್ ಕಮಿಟಿಯೋರು, ಅವ್ರು ಇವ್ರು ಬತ್ತಾರೆ. ಆ ಕಾರ್ಡಲ್ಲಿ ರಾಮು ಅಂತ ಹಾಕ್ಸಿದೀನಿ. ಒಂದ್ ದಿನದ್ ಮಟ್ಟಿಗೆ."

"ಯಾರ್ರೀ ರಾಮು?" ಹುಸೇನಪ್ಪ ಕೇಳಿದ.

"ನೀನೇ ಕಣಪ್ಪ. ರಾಮನವಮಿ ಅಲ್ವಾ, ಹೆಸ್ರೂ ಚೆನ್ನಾಗೈತೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪಾನಕ ಬೇಕು, ಪಾನಕ ಮಾಡಿದವನ ಹೆಸರು ಬೇಡ. ಹುಸೇನಪ್ಪನ ಕಿವಿ ಕೆಂಪಗಾಯಿತು. ಅವನು ಕೈಯಲ್ಲಿದ್ದ ಸೌಟನ್ನು ಕಲ್ಲಿನ ಮೇಲೆ ಕುಕ್ಕಿದ. ಆಗ ಅವನು ಹೇಳಬಹುದಾದ ಮಾತು ಸಾವಿರವಿತ್ತು. ಅವನ ಬಾಯಿಂದ ಬಂದದ್ದು ಇದು:

"ನಾ ಸಾಬರವ ಅಲ್ರೀ. ನಮ್ಮ ಮನ್ಯಾಗ ಹನುಮಪ್ಪ ಅದಾನ. ಬೇಕಂದ್ರ ಆಧಾರ್ ಕಾರ್ಡ್ ತೋರಸ್ತೀನಿ, ಜಾತಿ ಸರ್ಟಿಫಿಕೇಟ್ ತೋರಸ್ತೀನಿ. ನನ್ನ ಯಾಕ ತಗೊಂಡು ಅವರ ಸಾಲಿನಾಗ ಕೂಡಸ್ತೀರಿ?"

"ನಂಗೊತ್ತು ಕಣಪ್ಪ, ನಂಗೊತ್ತು. ಜನಕ್ಕೆ ಗೊತ್ತಾಗ್ಬೇಕಲ್ಲ" ಅನ್ನುತ್ತ ರಾಮಾಂಜಿನಪ್ಪ ಮೆಟ್ಟಿಲು ಹತ್ತಿ ಹೋದರು.

ಪಾಷಾ ಲೋಟ ಕೆಳಗಿಟ್ಟರು. ಅರ್ಧ ಚಹಾ ಹಾಗೇ ಇತ್ತು. ಖಾಲಿ ಚೀಲವನ್ನು ನಿಧಾನವಾಗಿ ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡರು.

"ಬರ್ತೀನಿ ಹುಸೇನಪ್ಪನವರೇ" ಅಂದರು.

ರಾಮಾಂಜಿನಪ್ಪನವರ ಮೇಲೆ ಕುದಿಯುತ್ತಿದ್ದ ಹುಸೇನಪ್ಪನಿಗೆ ಆ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಬಿಸಿ ತಟ್ಟೆ ಮುಟ್ಟಿದ ಬೆರಳಿಗೆ ಉರಿ ಆಮೇಲೆ ತಿಳಿಯುತ್ತದಲ್ಲ, ಹಾಗೆ ಸಂಜೆ ಅಂಗಡಿಯಿಂದ ಮನೆಗೆ ನಡೆಯುವಾಗ ಹತ್ತಿತು. ಕೆಲಸ ಕಲಿಸಿದ ಉಸ್ತಾದರು ಅವನ ಹೆಸರಿಗೆ 'ಅವರೇ' ಹಚ್ಚಿದ್ದರು.

ಮನೆಯಲ್ಲಿ ಊಟಕ್ಕೆ ಕೂತು ಅವನು ನಡೆದದ್ದನ್ನೆಲ್ಲ ಹೇಳಿ ರಾಮಾಂಜಿನಪ್ಪನಿಗೆ, ಕಮಿಟಿಗೆ, ಇಡೀ ಬೆಂಗಳೂರಿಗೆ ಬೈದ. ಜಟ್ಟೆಮ್ಮ ರೊಟ್ಟಿ ಬಡಿಯುತ್ತ ಎಲ್ಲ ಕೇಳಿದಳು.

"ಆತು, ಅವರಿಗೆ ಬೈದಿ. ಪಾಷಾ ಸಾಹೇಬ್ರಿಗೆ ಏನಂದಿ?" ಎಂದು ಕೇಳಿದಳು.

"ಅವರಿಗೆ ನಾ ಏನ ಅಂದೀನಿ?"

"ಅವರ ಸಾಲು ಅಂದೆಲ್ಲ. ಆ ಸಾಲಿನಾಗ ಕುಂತ ಎಷ್ಟು ವರ್ಷ ಉಂಡಿ ನೀನು? ಆ ಮನಷ್ಯಾನ ಮುಂದ ನಿನ್ನ ಹೆಸರ ಹೊಲಸು ಅನ್ನೂವಂಗ ಕೊಡವಿದಿ. ಉಂಡ ಮನೀ ಜಂತಿ ಎಣಿಸೂದು ಅಂದ್ರ ಇದ."

ಹುಸೇನಪ್ಪ ತಟ್ಟೆ ದೂಡಿ ಎದ್ದ. ಹೆಂಡತಿಯ ಮೇಲೂ ಸಿಟ್ಟು ಬಂತು. ಅವಳು ಹೇಳಿದ್ದು ನಿಜವಾಗಿದ್ದರಿಂದ ಇನ್ನೂ ಹೆಚ್ಚು ಬಂತು. ಸಿಟ್ಟಿನ ಕೈಯಲ್ಲಿ ಕೊಯ್ದುಕೊಂಡ ಮೂಗು ಸಿಟ್ಟು ಇಳಿದ ಮೇಲೆ ಬಂದೀತೆ?

ರಜೆಯ ದಿನ ಶಿವಾಜಿನಗರಕ್ಕೆ ಹೋದ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಪಾಷಾ ಅವರ ಮನೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಎಂದಿನಂತೆ ಚಾಪೆಯ ಮೇಲೆ ಕೂರಲು ಹೋದ.

"ಅಲ್ಲಿ ಬೇಡ, ಕುರ್ಚಿ ಇದೆ, ಬನ್ನಿ, ಕೂತ್ಕೊಳ್ಳಿ. ಚಾ ತಗೋತೀರಾ?" ಅಂದರು ಪಾಷಾ.

ಚಹಾ ಬಸಿಯ ಮೇಲೆ ಕೂತು ಬಂತು. ಹೂವಿನ ಚಿತ್ತಾರದ ಆ ಕಪ್ಪು-ಬಸಿ ಜೋಡಿ ನೆಂಟರಿಗೆಂದು ಮೇಲಿನ ಗೂಡಿನಲ್ಲಿ ಇರುವಂಥದ್ದು. ಅವನು ಅದನ್ನು ಎಷ್ಟೋ ಸಲ ಒರೆಸಿ ಇಟ್ಟಿದ್ದ, ಅದರಲ್ಲಿ ಕುಡಿದಿರಲಿಲ್ಲ.

"ಉಸ್ತಾದ್, ಅವತ್ತು ಸಿಟ್ಟಿನಾಗ ಬಾಯಿ ಜಾರ್ತು" ಅಂದ.

"ಅರೇ, ಅದ್ರಲ್ಲಿ ಏನಿದೆ? ಇರೋದನ್ನೇ ಹೇಳಿದ್ರಿ ನೀವು. ಸುಳ್ಳು ಹೇಳಿಲ್ಲ."

"ಬೈರಿ ಉಸ್ತಾದ್."

"ನಿಮ್ಮನ್ನ ನಾನ್ಯಾಕೆ ಬೈಲಿ? ಬಿಸ್ಕೆಟ್ ತಗೊಳ್ಳಿ."

ಇಷ್ಟು ಮರ್ಯಾದೆಯ ಏಟನ್ನು ಹುಸೇನಪ್ಪ ಜನ್ಮದಲ್ಲಿ ತಿಂದಿರಲಿಲ್ಲ. ವಾಪಸು ಬರುವಾಗ ಹಲಸೂರು ದಾಟುವವರೆಗೂ ಬಸ್ಸಿನ ಕಂಬಿ ಹಿಡಿದು ಹಲ್ಲು ಕಡಿಯುತ್ತ ನಿಂತಿದ್ದ. ಈ ಸಲ ಬೈಯಲು ಮಿಕ್ಸರಿಲ್ಲ, ಕರೆಂಟು ಕಂಬವಿಲ್ಲ, ರಾಮಾಂಜಿನಪ್ಪನೂ ಇಲ್ಲ. ಸಿಟ್ಟು ತಿರುಗಿ ತಿರುಗಿ ತನ್ನ ಮೇಲೆಯೇ ಬರುತ್ತಿತ್ತು. ಹೆಸರು ಕೊಟ್ಟ ತಾಯಿ ಯಾವ ಕಾಗದವನ್ನೂ ತೋರಿಸದೆ ದೇವರ ಮುಂದೆ ನಿಂತಿದ್ದಳು, ಅವಳ ಮಗ ಒಂದು ಕಾರ್ಡಿಗಾಗಿ ಜಾತಿ ಸರ್ಟಿಫಿಕೇಟ್ ತೋರಿಸಲು ಹೋಗಿದ್ದ.

ರಾಮನವಮಿಯ ಬೆಳಿಗ್ಗೆ ಅವನು ಬೇಗ ಬಂದು, ಯಾರ ಜೊತೆಗೂ ಮಾತಾಡದೆ ಬೆಲ್ಲ ಕರಗಿಸಿದ, ಮೆಣಸು ಶುಂಠಿ ಕುಟ್ಟಿದ, ಕಪ್ಪುಗಳಿಗೆ ಹೊಯ್ದು ಫ್ರಿಜ್ಜಿಗಿಟ್ಟ. ಕೈ ಕೆಲಸ ಮಾಡುತ್ತಿತ್ತು, ತಲೆ ಕುದಿಯುತ್ತಿತ್ತು. ಹೊರಗೆ ಚಪ್ಪರಕ್ಕೆ ಮಾವಿನ ತೋರಣ ಕಟ್ಟಿದರು. ಜನ ಸೇರತೊಡಗಿದರು. ಹಂಸ ಮುಖ ಸಪ್ಪೆ ಮಾಡಿಕೊಂಡು ಅಚ್ಚು ಹಾಕಿಸಿದ ಕಾರ್ಡುಗಳನ್ನು ತಂದಳು. ಎಲ್ಲದರ ಮೇಲೂ ರಾಮು.

"ಅಪ್ಪಂಗೆ ಹೇಳ್ದೆ ಹುಸೇನಪ್ಪ, ಎರಡು ದಿನ ಜಗಳ ಆಡ್ದೆ. ಕೇಳ್ಲಿಲ್ಲ" ಅಂದಳು.

"ನಿಮ್ಮಪ್ಪಾರನ್ನ ಕರೀರಿ" ಅಂದ ಹುಸೇನಪ್ಪ, ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತ.

ರಾಮಾಂಜಿನಪ್ಪ ಹೊಸ ಪಂಚೆಯಲ್ಲಿ ಬಂದರು. ಅವರ ಹಿಂದೆ ಚಪ್ಪರದಲ್ಲಿದ್ದ ನಾಲ್ಕಾರು ಜನರೂ ಬಾಗಿಲಿಗೆ ಬಂದು ಇಣುಕಿದರು.

"ಏನಪ್ಪ, ಕಪ್ಪು ಈಚೆಗ್ ಬರ್ಲಿಲ್ಲ?"

"ರಾಮುನ ಕರೀರಿ. ಅವ ಮಾಡಿದ್ದು ಅಂತ ಬರದೀರಲ್ಲ, ಅವನ ಬಂದು ತಗದು ಕೊಡ್ಲಿ."

"ಹಬ್ಬದ್ ದಿನ ಏನಪ್ಪ ಇದು? ನೀನೂ ನಮ್ಮೋನೇ ಅಂತ ಇವ್ರಿಗೆಲ್ಲ ಹೇಳಿದೀನಿ."

"ಹೇಳಬ್ಯಾಡ್ರಿ." ಹುಸೇನಪ್ಪನ ದನಿ ಏರಲಿಲ್ಲ. ಅದನ್ನು ಕಂಡು ಹಂಸಳಿಗೆ ಹೆದರಿಕೆಯಾಯಿತು. "ಮೊನ್ನೆ ನಾನ ಕಾಗದ ತೋರಸ್ತೀನಿ ಅಂದಿದ್ದೆ. ಅದು ನನ್ನ ಹೇಡಿತನ. ಇವತ್ತ ಏನೂ ತೋರಸಂಗಿಲ್ಲ. ನಾ ಯಾವ ದೇವರಿಗೆ ನಡಕೋತೀನಿ, ಯಾರ ಸಾಲಿನಾಗ ಕುಂದರತೀನಿ, ಯಾರಿಗೂ ಹೇಳಂಗಿಲ್ಲ. ಈ ಪಾನಕ ನಮ್ಮವ್ವ ಅಲಾಯಿ ಹಬ್ಬಕ್ಕ ಹಂಚತಿದ್ಲು. ಇದನ್ನ ಮಾಡಿದವ ಹುಸೇನಪ್ಪ. ಹೆಸರು ಇದ್ರ ಕಪ್ಪು ಹೊರಗ ಬರತಾವು. ಇಲ್ಲಂದ್ರ ನಿಮ್ಮ ಕೆಲಸಾನೂ ಬ್ಯಾಡ, ನಿಮ್ಮ ಫ್ರಿಜ್ಜೂ ಬ್ಯಾಡ."

ಹಂಸ ಕಾರ್ಡುಗಳ ಕಟ್ಟನ್ನು ಕಸದ ಡಬ್ಬಿಗೆ ಹಾಕಿದಳು. ಡ್ರಾಯರಿನಲ್ಲಿದ್ದ ಹಳೆಯ ಕಾರ್ಡನ್ನು, ತಾನೇ ಕೈಯಾರೆ ಬರೆದಿದ್ದನ್ನು, ತೆಗೆದುಕೊಂಡು ಅಪ್ಪನ ಮುಖ ನೋಡದೆ ಚಪ್ಪರಕ್ಕೆ ಹೋದಳು.

"ಜನ ಏನಂತಾರೋ ಅದನ್ನ ನೀನೇ ಕೇಳ್ಸ್ಕೋ. ನಾಳೆ ಮಾತಾಡಾನ" ಎಂದು ರಾಮಾಂಜಿನಪ್ಪ ಹೊರಟರು. ಅವರ ದನಿಯಲ್ಲಿ ಈ ಸಲ ಬೆಣ್ಣೆಯಿರಲಿಲ್ಲ.

ಜನ ಏನೂ ಅನ್ನಲಿಲ್ಲ ಎಂದರೆ ಸುಳ್ಳು. ಬಿಳಿ ಜುಬ್ಬಾದವರೊಬ್ಬರು ಕಾರ್ಡು ಓದಿ ಕಪ್ಪನ್ನು ಮುಟ್ಟದೆ ಮಜ್ಜಿಗೆಯ ಕಡೆ ಸರಿದರು. ಇನ್ನೊಬ್ಬರು ಏನೋ ಗೊಣಗಿದರು. ಉಳಿದವರಲ್ಲಿ ಹೆಚ್ಚಿನವರು ಕಾರ್ಡನ್ನು ನೋಡಲೇ ಇಲ್ಲ, ಬಿಸಿಲಿಗೆ ಬಾಯಾರಿ ಬಂದವರು ತಿಂದು ಖಾಲಿ ಕಪ್ಪು ಇಟ್ಟು ಹೋದರು. ಇಷ್ಟಕ್ಕಾಗಿ ಹೆಸರು ಕಿತ್ತರಲ್ಲ ಎಂದು ಹುಸೇನಪ್ಪನಿಗೆ ಮತ್ತೆ ಹೊಟ್ಟೆ ಉರಿಯಿತು. ಮುಟ್ಟದವನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಅವನಿಗೆ ಹೆದರಿದವರ ಮೇಲೆ ಬಂತು.

ಮಧ್ಯಾಹ್ನ ಒಂದು ಕಪ್ಪನ್ನು ಐಸು ತುಂಬಿದ ಡಬ್ಬಿಯಲ್ಲಿಟ್ಟುಕೊಂಡು, ಕಾರ್ಡನ್ನು ಜೇಬಿಗೆ ಹಾಕಿಕೊಂಡು ಶಿವಾಜಿನಗರದ ಬಸ್ಸು ಹತ್ತಿದ.

ಪಾಷಾ ಬಾಗಿಲು ತೆಗೆದು, "ಬನ್ನಿ" ಅಂದರು. ಹುಸೇನಪ್ಪ ಕುರ್ಚಿಯ ಕಡೆ ನೋಡದೆ ಚಾಪೆಯ ಮೇಲೆ ಕೂತ. ಕಪ್ಪನ್ನು ಅವರ ಮುಂದಿಟ್ಟು, ಅದರ ಪಕ್ಕ ಕಾರ್ಡು ಇಟ್ಟ. ಬೆಳಿಗ್ಗೆ ನಡೆದದ್ದನ್ನು ಹೇಳಿದ. ಕಾಗದ ತೋರಿಸುವುದಿಲ್ಲ ಎಂದದ್ದನ್ನು ಹೇಳಿದ. ಕ್ಷಮೆ ಮಾತ್ರ ಕೇಳಲಿಲ್ಲ.

ಪಾಷಾ ಕನ್ನಡಕ ಹಾಕಿಕೊಂಡು ಕಾರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು. ಓದಿ ಕೆಳಗಿಟ್ಟರು. ಚಮಚ ತೆಗೆದುಕೊಂಡು ಮೇಲಿನ ಪದರ ಮುರಿದು ಬಾಯಿಗಿಟ್ಟರು. ಹುಸೇನಪ್ಪ ಅವರ ದವಡೆಯನ್ನೇ ನೋಡುತ್ತಿದ್ದ. 'ಚೆನ್ನಾಗಿದೆ' ಅಂದುಬಿಟ್ಟರೆ ಮುಗಿಯಿತು. ಹೊರಗಿನವರು ಮಾಡಿದ್ದನ್ನು ಅವರು ಯಾವಾಗಲೂ ಚೆನ್ನಾಗಿದೆ ಅನ್ನುತ್ತಿದ್ದರು.

ಪಾಷಾ ಇನ್ನೊಂದು ಚಮಚ ತಿಂದರು. ಹುಬ್ಬು ಗಂಟಿಕ್ಕಿತು. ನಾಲಿಗೆಯ ತುದಿಗೆ ಬೆರಳು ಹಾಕಿ ಏನನ್ನೋ ಹಿಡಿದು ಹೊರಗೆಳೆದು ಬೆಳಕಿಗೆ ಹಿಡಿದರು. ಒಣಶುಂಠಿಯ ನಾರು.

"ಜರಡಿ ಎಲ್ಲಿ ಹೋಗಿತ್ತು?" ಅಂದರು.

ಬೆಳಿಗ್ಗೆ ಸಿಟ್ಟಿನಲ್ಲಿ ಶುಂಠಿ ಕುಟ್ಟಿ ಹಾಗೇ ಸುರಿದಿದ್ದು ಹುಸೇನಪ್ಪನಿಗೆ ಆಗ ಹೊಳೆಯಿತು.

"ಇಷ್ಟು ವರ್ಷ ಹೊಡೆದು ಹೊಡೆದು ನನ್ನ ಕೈಗೆ ನೋವು ಬಂತು, ನಿನ್ನ ತಲೆಗೆ ಹೋಗ್ಲಿಲ್ಲ. ಶುಂಠಿಗೆ ಜರಡಿ ಹಿಡೀದೆ ಹಾಕ್ತಾರೇನೋ? ಇದು ಪುಡ್ಡಿಂಗಾ, ಹಗ್ಗದ ಅಂಗಡಿಯಾ? ಇದರ ಮೇಲೆ ಹೆಸರು ಬೇರೆ ಹಾಕಿಸ್ಕೊಂಡಿದ್ದಾನೆ. ಗಧೇ ಹುಸೇನು, ಕಣ್ಣು ಎಲ್ಲಿಟ್ಟಿದ್ದೆ?"

ಹುಸೇನಪ್ಪ ತಲೆ ತಗ್ಗಿಸಿಕೊಂಡು, ಒಂದಕ್ಕೂ ಎದುರಾಡದೆ, ಪೂರ್ತಿ ಬೈಸಿಕೊಂಡ.